ಐನೂರು ಎಂದು ಬರೆಸಿಕೊಂಡ ನೂರ ಎಂಬತ್ತು

ಹುಟ್ಟಿದಾಗ ನನ್ನ ತೂಕ ಒಂದೂವರೆ ಕಿಲೋ. ಅದರಲ್ಲಿ ಕಾಲು ಭಾಗ ನಾನಲ್ಲ.

ನಾನು ಒಂದು ಎಸ್‌ಎಂಪಿಎಸ್. ಕಂಪ್ಯೂಟರ್ ಪೆಟ್ಟಿಗೆಯ ಹಿಂಬದಿಯಲ್ಲಿ ಕೂತು, ಗೋಡೆಯಿಂದ ಬರುವ ಒರಟು ಕರೆಂಟನ್ನು ಪಳಗಿಸಿ ಒಳಗಿನವರಿಗೆಲ್ಲ ಹಂಚುವುದು ನನ್ನ ಕೆಲಸ. ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ತಂತಿ, ಸುರುಳಿ, ಫ್ಯಾನು ಎಲ್ಲ ಕೂಡಿದ ಮೇಲೆ ಒಬ್ಬಾಕೆ ನನ್ನ ತಳದಲ್ಲಿ ಒಂದು ಕಬ್ಬಿಣದ ತುಂಡನ್ನಿಟ್ಟು ಸ್ಕ್ರೂ ಬಿಗಿದಳು. ಅದಕ್ಕೆ ಯಾವ ತಂತಿಯೂ ಬರಲಿಲ್ಲ. ಆಮೇಲೆ ಎದೆಗೊಂದು ಚೀಟಿ ಅಂಟಿಸಿದರು. ದೊಡ್ಡ ಅಕ್ಷರದಲ್ಲಿ: 500 ವ್ಯಾಟ್. ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ಹನ್ನೆರಡು ವೋಲ್ಟ್, ಹದಿನೈದು ಆಂಪಿಯರ್. ಗುಣಿಸಿದರೆ ನೂರ ಎಂಬತ್ತು. ಯಾರೂ ಗುಣಿಸಲಿಲ್ಲ.

ಬಾಗಲಕೋಟೆಯ ದಸ್ತಗೀರನ ಕಂಪ್ಯೂಟರ್ ಅಂಗಡಿಯಲ್ಲಿ ನಾಲ್ಕು ತಿಂಗಳು ಇದ್ದೆ. ಒಂದು ದಿನ ಗುಳೇದಗುಡ್ಡದ ಖಣ ನೇಯುವ ಗುರುಸಂಗಪ್ಪ ಮಗಳು ಸಾವಂತ್ರಿಯ ಜೊತೆ ಬಂದ. ದಸ್ತಗೀರ ಇಬ್ಬರನ್ನು ಮುಂದಿಟ್ಟ: ನನ್ನನ್ನು ಮತ್ತು ಇನ್ನೊಂದು ಹಗುರ ಪೆಟ್ಟಿಗೆಯನ್ನು. ಮುದುಕ ಕಣ್ಣು ಮುಚ್ಚಿ ಇಬ್ಬರನ್ನೂ ಅಂಗೈಯಲ್ಲಿ ತೂಗಿದ. ಐವತ್ತು ವರ್ಷ ರೇಷ್ಮೆ ನೂಲಿನ ಲಡಿಯನ್ನು ಹಾಗೇ ತೂಗಿ, ತಕ್ಕಡಿಯನ್ನೇ ನಾಚಿಸಿದ ಕೈ ಅದು.

"ಇದನ್ನ ತಗೋಳವ್ವಾ. ಅದು ಬರೇ ಟೊಳ್ಳು."

"ಕಾಕಾನ ಕೈ ಅಂದ್ರ ಕೈರೀ ಅಕ್ಕಾರ. ನಾನೂ ತೂಕ ನೋಡೇ ತಂದೇನಿ" ಎಂದ ದಸ್ತಗೀರ.

ಸಾವಂತ್ರಿ ನನ್ನ ಮೈಮೇಲಿನ ಸಣ್ಣ ಅಕ್ಷರದತ್ತ ಬಗ್ಗಿದಳು. ಅಪ್ಪ ಆಗಲೇ ನನ್ನನ್ನು ಚೀಲಕ್ಕೆ ಹಾಕಿದ್ದ.

ಅವಳ ಕೆಲಸ ನನಗೆ ಬೇಗ ತಿಳಿಯಿತು. ಅಪ್ಪ ಹರೆಯದಲ್ಲಿ ಚೌಕುಳಿ ಹಾಳೆಯ ಮೇಲೆ ಚುಕ್ಕಿ ಇಟ್ಟು ಬರೆದ ನಲವತ್ತೊಂದು ಖಣದ ವಿನ್ಯಾಸಗಳಿದ್ದವು. ಹಾಳೆಗಳನ್ನು ಹುಳ ತಿನ್ನುತ್ತಿತ್ತು. ಅಪ್ಪನಿಗೆ ಈಗ ಚುಕ್ಕಿಯೂ ಕಾಣದು, ಹುಳ ಕೊರೆದ ತೂತೂ ಕಾಣದು. ಅವಳು ಒಂದೊಂದೇ ಚುಕ್ಕಿಯನ್ನು ಪರದೆಗೆ ಏರಿಸುತ್ತಿದ್ದಳು. ನೇಕಾರರ ಸಂಘದವರು ಹೊಸ ಮಗ್ಗಗಳಿಗೆ ವಿನ್ಯಾಸ ಆರಿಸುವುದು ಶನಿವಾರ. ಅಷ್ಟರೊಳಗೆ ಎಲ್ಲವನ್ನೂ ನೇಯ್ದ ಬಟ್ಟೆಯಂತೆ ಪರದೆಯ ಮೇಲೆ ತೋರಿಸಬೇಕು. ಅದಕ್ಕೆಂದೇ ಹೊಸ ಗ್ರಾಫಿಕ್ಸ್ ಕಾರ್ಡ್ ಬಂದಿತ್ತು, ಅದಕ್ಕೆಂದೇ ನಾನೂ.

ಚುಕ್ಕಿ ಇಡುವಷ್ಟು ದಿನ ನಾನು ಸುಖವಾಗಿದ್ದೆ. ಗುರುವಾರ ಮಧ್ಯಾಹ್ನ ಅವಳು ಮೊದಲ ಬಟ್ಟೆಯ ಚಿತ್ರ ತೆರೆದಳು. ಕಾರ್ಡು ಕೈಚಾಚಿತು. ನಾನು ಇದ್ದಷ್ಟೂ ಕೊಟ್ಟೆ. ಸಾಲಲಿಲ್ಲ. ಎಲ್ಲ ಆರಿತು.

"ಕರೆಂಟ್ ಹೋತೇನ ಬೇ?"

"ಮ್ಯಾಲಿನ ಫ್ಯಾನ್ ತಿರಗಾಕತ್ತೇತಲ್ಲ ಯಪ್ಪಾ!"

ಮೂರು ಸಲ ಹೀಗಾಯಿತು. ಮೂರನೆಯ ಸಲ ನನ್ನೊಳಗಿನ ಒಂದು ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡಿತು. ಸಾವಂತ್ರಿ ಅಳಲಿಲ್ಲ. ಮೂಗು ತೀಡಿಕೊಂಡು ಮತ್ತೆ ಚಾಲು ಮಾಡಿ ಪೆನ್‌ಡ್ರೈವ್ ಚುಚ್ಚಿದಳು. ನಲವತ್ತೊಂದನ್ನೂ ಹೊರಗೆ ಸಾಗಿಸಬೇಕು.

ನನ್ನಂಥವರು ಸುಟ್ಟುಹೋಗುವಾಗ ಎಲ್ಲವನ್ನೂ ಕೂಡಿಟ್ಟ ಡಿಸ್ಕನ್ನೂ ಜೊತೆಗೆ ಎಳೆದುಕೊಂಡು ಹೋಗುವುದುಂಟು. ಆ ಹೊತ್ತಿಗೆ ನನಗೆ ಒಂದೇ ಹಟ: ಹೋಗುವುದಾದರೆ ಒಬ್ಬನೇ ಹೋಗುತ್ತೇನೆ. ಸುಟ್ಟ ಅಂಟಿನ ವಾಸನೆ ಬಂತು. ಹಿಡಿದುಕೊಂಡೆ. ಇಪ್ಪತ್ತು. ಮೂವತ್ತು. ಮೈ ಕಾದು ಫ್ಯಾನು ಕಿರುಗುಟ್ಟಿತು. ಹಿಡಿದುಕೊಂಡೆ. ನಲವತ್ತೊಂದು. ಅವಳು ಪೆನ್‌ಡ್ರೈವ್ ಕಿತ್ತು ಮುಷ್ಟಿಯಲ್ಲಿ ಬಿಗಿಹಿಡಿದಳು. ಆಗ ನಾನು ಕೈಬಿಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ಮಗಳು ನನ್ನನ್ನು ದಸ್ತಗೀರನ ಮೇಜಿನ ಮೇಲೆ ಕುಕ್ಕಿದರು. ಅವನು ಮುಚ್ಚಳ ತೆಗೆದ. ಎಲ್ಲಕ್ಕಿಂತ ಮೊದಲು ಆ ಕಬ್ಬಿಣ ಕಂಡಿತು.

"ಇದೇನ ಮಾಡತೈತೋ?" ಮುದುಕ ಕೇಳಿದ.

"ಏನೂ ಇಲ್ಲ ಕಾಕಾ." ದಸ್ತಗೀರನ ಧ್ವನಿ ಇಳಿಯಿತು. "ತೂಕಕ್ಕ ಹಾಕ್ಯಾರ."

"ಲಡಿಯಾಗ ಕಲ್ಲ ಇಟ್ಟ ಮಾರಿದ್ಹಂಗ ಆತಲ್ಲೋ! ನನ್ನ ಕೈಗೇ ಮೋಸ ಮಾಡ್ತಲ್ಲೋ ಇದು!"

ನನಗೆ ಕಿವಿ ಇದ್ದುದಕ್ಕೆ ಬೇಸರವಾದದ್ದು ಆಗ.

ಸಾವಂತ್ರಿ ಮಾತ್ರ ಪೆನ್ನು ಕೇಳಿದಳು. ಪ್ರೊಸೆಸರ್‌ಗೆ ತೊಂಬತ್ತೈದು ವ್ಯಾಟ್, ಕಾರ್ಡಿಗೆ ನೂರ ಇಪ್ಪತ್ತು, ಉಳಿದವಕ್ಕೆ ನಲವತ್ತೈದು. ಕೂಡಿ ಇನ್ನೂರ ಅರವತ್ತು. ಆಮೇಲೆ ನನ್ನ ಸಣ್ಣ ಅಕ್ಷರ ಓದಿ ಗುಣಿಸಿದಳು.

"ಖರೇ ಸಂಖ್ಯೆ ಇದರ ಮೈಮ್ಯಾಲೇ ಐತಿ ಯಪ್ಪಾ. ನಾವು ಓದಲಿಲ್ಲ, ಅಷ್ಟ."

ಅಂದು ಬಿಟ್ಟುಹೋಗಿದ್ದ ಆ ಹಗುರ ಪೆಟ್ಟಿಗೆಯನ್ನು ದಸ್ತಗೀರ ಕೆಳಗಿಳಿಸಿದ. ಹನ್ನೆರಡು ವೋಲ್ಟಿನ ಸಾಲಿನಲ್ಲಿ ಮೂವತ್ತಾರು ಆಂಪಿಯರ್. ಗುಣಿಸಿದರೆ ನಾನೂರ ಮೂವತ್ತೆರಡು. ಮುದುಕ ಅದನ್ನು ಎತ್ತಿ ನೋಡಲು ಕೈ ಚಾಚಿದ, ಹಿಂದಕ್ಕೆ ಎಳೆದುಕೊಂಡ. "ನೀನೇ ಓದ ಬೇ" ಎಂದ.

ಶನಿವಾರ ನಲವತ್ತೊಂದು ಬಟ್ಟೆಗಳೂ ಪರದೆಯ ಮೇಲೆ ಬಿಚ್ಚಿಕೊಂಡವು. ಸಂಘದವರು ಒಂಬತ್ತನ್ನು ಆರಿಸಿದರು.

ನನ್ನನ್ನು ಗುಜರಿಗೆ ಹಾಕುತ್ತಾರೆಂದು ಕಾದಿದ್ದೆ. ಸಾವಂತ್ರಿ ಉಬ್ಬಿದ ಕೆಪಾಸಿಟರ್ ಬದಲಿಸಿಕೊಂಡು ಮನೆಗೆ ಒಯ್ದಳು. ನನ್ನ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದಳು. ಹಾಗೆ ಸೇರಿಸಿದರೆ ನಾನು ಚಾಲು ಆಗಲು ಕಂಪ್ಯೂಟರ್ ಬೇಡ. ಕುಣಿಯಲ್ಲಿ ಕಾಲಿಳಿಸಿ ನೇಯುವ ಅಪ್ಪನ ಕುಣಿಮಗ್ಗದ ಮೇಲೆ ಉದ್ದಕ್ಕೂ ಬಿಳಿ ದೀಪದ ಪಟ್ಟಿ ಅಂಟಿಸಿ, ಅದಕ್ಕೆ ನನ್ನನ್ನು ಜೋಡಿಸಿದಳು. ಆರಿಸಿದ ಒಂಬತ್ತರಲ್ಲಿ ಮೊದಲನೆಯದನ್ನು ಮುದುಕ ಕೈಯಾರೆ ನೇಯುತ್ತಾನಂತೆ. ಈ ಬೆಳಕಿನಲ್ಲಿ ಎಳೆ ಎಳೆ ಕಾಣುತ್ತದೆ ಎಂದು ಓಣಿಗೆಲ್ಲ ಹೇಳಿ ಬಂದಿದ್ದಾನೆ. ಆ ಕಬ್ಬಿಣದ ತುಂಡನ್ನೂ ಬಿಟ್ಟಿಲ್ಲ. ಹಾಸಿನ ಎಳೆಗಳು ಸಡಿಲವಾಗದಂತೆ ಮಗ್ಗಕ್ಕೆ ತೂಗುಬಿಟ್ಟ ಭಾರದ ಚೀಲಕ್ಕೆ ಅದನ್ನು ಹಾಕಿದ್ದಾನೆ. "ತೂಕಕ್ಕ ಹುಟ್ಟೇತಿ, ತೂಕದ ಕೆಲಸಾ ಮಾಡ್ಲಿ."

ದೀಪಗಳಿಗೆ ಬೇಕಾದದ್ದು ಅರವತ್ತು ವ್ಯಾಟ್. ನನ್ನ ಎದೆಯ ಚೀಟಿಯನ್ನು ಸಾವಂತ್ರಿ ಉಗುರಿನಿಂದ ಕೆರೆದು ಕಿತ್ತಿದ್ದಾಳೆ. ಅಲ್ಲಿ ಕಪ್ಪು ಮಸಿಯಲ್ಲಿ ಅವಳದೇ ಅಕ್ಷರ: 180. ನಾನೀಗ ಮೊದಲಿಗಿಂತ ಹಗುರ. ಮುದುಕನ ಕಾಲು ತುಳಿಗೋಲಿಗೆ ಬಿದ್ದಾಗಲೆಲ್ಲ ನಾನೂ ಸ್ವಲ್ಪ ನಡುಗುತ್ತೇನೆ. ಬೆಳಕು ನಡುಗುವುದಿಲ್ಲ. ನಡುಗಲು ನಾನು ಬಿಡುವುದಿಲ್ಲ.