ಆರನೆಯದು ಗಂಡು

ಸೋಪು ಹಚ್ಚಿ ಎಷ್ಟು ತಿರುವಿದರೂ ಅಕ್ಕನ ಬೆರಳಿನಿಂದ ಉಂಗುರ ಕಳಚಲಿಲ್ಲ. ಬಸುರಿನಲ್ಲಿ ಊದಿಕೊಂಡ ಕೈ ಸತ್ತ ಮೇಲೂ ಇಳಿದಿರಲಿಲ್ಲ.

"ಬಿಡಮ್ಮ, ಅವಳ ಜೊತೆಗೇ ಹೋಗ್ಲಿ," ಎಂದಳು ಅಕ್ಕನ ಅತ್ತೆ.

ತಂಗಿ ಆ ಕೈಯನ್ನು ಒರೆಸಿ ಎದೆಯ ಮೇಲಿಟ್ಟಳು. ಹೆರಿಗೆಯಾಗಿ ರಕ್ತ ನಿಲ್ಲದೆ ಅಕ್ಕ ಬೆಳಗಿನ ಜಾವ ಹೋಗಿದ್ದಳು. ಒಳಕೋಣೆಯಲ್ಲಿ ಕೂಸು ಅಳುತ್ತಿತ್ತು; ಐದು ಹೆಣ್ಣುಗಳ ಬೆನ್ನಿಗೆ ಹುಟ್ಟಿದ ಗಂಡು. ಬಂದವರಿಗೆ ಯಾವ ಮುಖ ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯವಳು ಕಣ್ಣೊರೆಸಿಕೊಳ್ಳುತ್ತಲೇ, "ಅಂತೂ ಗಂಡಾಯ್ತಲ್ಲ," ಎಂದಳು.

"ಆಯ್ತು. ನೋಡೋಕೆ ಅವಳೇ ಇಲ್ಲ," ಎಂದು ಅತ್ತೆ ಬಿಕ್ಕಿದಳು. ಆ ದುಃಖ ಸುಳ್ಳಾಗಿರಲಿಲ್ಲ.

*

ನಾಲ್ಕನೆಯ ಹೆರಿಗೆಯಾದ ಮೇಲೆ ಒಂದು ದಿನ ಅಕ್ಕ ಗಾರ್ಮೆಂಟ್ಸ್ ಗೇಟಿಗೆ ಬಂದಿದ್ದಳು. ಅಂಗಿಗಳಿಗೆ ತೋಳು ಹೊಲಿಯುತ್ತಿದ್ದ ತಂಗಿ ಅರ್ಧ ದಿನ ರಜೆ ಹಾಕಿ ಹೊರಬಂದಳು.

"ಆಪರೇಷನ್ ಮಾಡಿಸ್ಕೊಂಡ್ಬಿಡ್ತೀನಿ ಕಣೆ. ಮನೇಲಿ ಹೇಳಿಲ್ಲ. ನೀನು ಜೊತೆಗಿದ್ರೆ ಸಾಕು."

ಆಸ್ಪತ್ರೆಯ ಬೆಂಚಿನ ಮೇಲೂ ಅವಳು ನಗುತ್ತಿದ್ದಳು. "ನನ್ನ ಹೊಟ್ಟೆ ಬಾಡಿಗೆ ಮನೆ ಆಗ್ಬಿಟ್ಟಿದೆ. ಒಬ್ಬರು ಖಾಲಿ ಮಾಡೋದೇ ತಡ, ಇನ್ನೊಬ್ಬರು ಸಾಮಾನು ತಂದು ಇಳಿಸ್ತಾರೆ."

ಸರದಿ ಬರುವ ಮುಂಚೆ ಹೇಗೋ ಸುದ್ದಿ ತಿಳಿದು ಅತ್ತೆ ಬಂದಳು. ಬೈಯಲಿಲ್ಲ; ಸೊಸೆಯ ಪಕ್ಕದಲ್ಲಿ ಕುಸಿದು ಕುಳಿತು ಕಣ್ಣೀರು ಹಾಕಿದಳು.

"ನಾನು ಒಂಬತ್ತು ಹೆತ್ತೆ. ಉಳಿದದ್ದು ನಿನ್ನ ಗಂಡ ಒಬ್ನೇ. ಅವನ ಬೆನ್ನಿಗೊಂದು ಗಂಡು ಬೇಡ್ವಾ?"

ಬೈದಿದ್ದರೆ ಅಕ್ಕ ತಿರುಗಿ ಬೀಳುತ್ತಿದ್ದಳೇನೋ. ಕಣ್ಣೀರಿನ ಮುಂದೆ ಸೋತು ಎದ್ದು ಹೋದಳು.

*

ಮಣ್ಣು ಮಾಡಿ ಬರುವಷ್ಟರಲ್ಲಿ ಸಂಜೆಯಾಯಿತು. ಬಾಗಿಲಲ್ಲಿ ಕುಳಿತಿದ್ದ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ತಂಗಿಯನ್ನು ಕರೆದ.

"ನಿನಗೂ ಮದುವೆ ಆಗ್ಬೇಕು. ಈ ಮಕ್ಕಳಿಗೂ ತಾಯಿ ಬೇಕು. ಎಲ್ಲಿಂದಲೋ ಮಲತಾಯಿ ತರೋದಕ್ಕಿಂತ ಚಿಕ್ಕಮ್ಮ ಮೇಲಲ್ವೇನಮ್ಮ?"

"ನನಗೆ ಕೆಲಸ ಇದೆ, ದೊಡ್ಡಪ್ಪ."

"ಇದೂ ಕೆಲಸಾನೇ."

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಚಪ್ಪಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದ. ಅತ್ತು ಅತ್ತು ಭಾವನ ಕಣ್ಣುಗಳು ಕೆಂಪಗಾಗಿದ್ದವು; ಅವನೂ ಬೇಡವೆನ್ನಲಿಲ್ಲ.

"ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ," ಎಂದಳು ಅತ್ತೆ, ತನಗೆ ತಾನೇ ಹೇಳಿಕೊಳ್ಳುವಂತೆ. ಎದ್ದು ಬಂದು ಕೂಸನ್ನು ತಂಗಿಯ ಕೈಗಿತ್ತಳು.

ಒಳಗೆ ಹೆಣ್ಣುಮಕ್ಕಳು ತಾವೇ ಚಾಪೆ ಹಾಸಿಕೊಂಡು ಸಾಲಾಗಿ ಮಲಗಿದ್ದರು. ಗೋಡೆಯ ಪಕ್ಕ ಅಮ್ಮನಿಗೆಂದು ದಿನವೂ ಬಿಡುವ ಜಾಗವನ್ನು ಇಂದೂ ಬಿಟ್ಟಿದ್ದರು. ತಂಗಿ ಹೊಸ್ತಿಲಲ್ಲೇ ನಿಂತಳು. ಕಡೆಯವಳು ನಿದ್ದೆಗಣ್ಣಿನಲ್ಲಿ ಇನ್ನಷ್ಟು ಸರಿದು, ಖಾಲಿ ಚಾಪೆಯನ್ನು ಅಂಗೈಯಿಂದ ತಟ್ಟಿದಳು.