ಬೆಳ್ಳನೆಯ ತಟ್ಟೆ

ಒಲೆ ಸಣ್ಣಗೆ ಮಾಡಿ ಬನ್ನಿ, ಒಗ್ಗರಣೆ ಆಮೇಲೆ ಹಾಕಿದರಾಯಿತು. ಈ ಮಾತನ್ನು ಮೊದಲು ಕೇಳಿ. ನಿಮ್ಮ ಅಡುಗೆಮನೆಯಲ್ಲೂ ಇದು ನಡೆಯುತ್ತಿರಬಹುದು!

ರಘೋತ್ತಮರು ಬ್ಯಾಂಕಿನವರು, ಎಷ್ಟೋ ವರ್ಷಗಳ ಹಿಂದೆ ವರ್ಗವಾಗಿ ಧಾರವಾಡದಿಂದ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರಕ್ಕೆ ಬಂದವರು. ಮಗಳು ಮಾನ್ಯಾ ಒಂಬತ್ತನೆಯ ತರಗತಿ, ಮಗ ತನ್ಮಯ ಅವಳಿಗಿಂತ ಚಿಕ್ಕವನು. ಅವಳು ದೊಡ್ಡವಳಾದಂದಿನಿಂದ ತಟ್ಟೆ ಬೆಳ್ಳಗಾಗಿತ್ತು: ಅನ್ನ, ಮೊಸರು, ಮೇಲೊಂದು ಲೋಟ ಚಹಾ. ಸಜ್ಜೆ, ಎಳ್ಳು, ಬೆಲ್ಲ, ನುಗ್ಗೆಸೊಪ್ಪು ಎಲ್ಲವೂ ಉಷ್ಣ; ಹುಡುಗಿ ಉಷ್ಣ ತಿಂದರೆ ಮುಟ್ಟು ಹೆಚ್ಚಾಗಿ ಗರ್ಭ ಕೆಡುತ್ತದೆ ಎಂಬುದು ಅಜ್ಜಿ ಗೋದಾವರಿಬಾಯಿಯ ಕಟ್ಟಳೆ.

ಮಾನ್ಯಾಳ ಲೋಕ ಮೆಲ್ಲಗೆ ತೇಲತೊಡಗಿತು. ಶಾಲೆಯ ಮೆಟ್ಟಿಲುಗಳು ಮೋಡದ ಮೇಲಿದ್ದಂತೆ, ಮೇಡಂ ಮಾತು ನೀರಿನಡಿಯಿಂದ ಬಂದಂತೆ. ನೆನೆದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಕದ್ದು ಬಳಪ ಕಡಿಯುತ್ತಿದ್ದಳು. "ಸ್ವಪ್ನಾತ ಆಹೇಸ ಕಾ ಗ?" ಎಂದು ಗೆಳತಿಯರು ಮರಾಠಿಯಲ್ಲಿ ಕೆಣಕಿ ನಗುತ್ತಿದ್ದರು. ಹೌದು, ಕನಸಿನಲ್ಲೇ ಇದ್ದಳು. ಒಂದು ದಿನ ಖೋಖೋ ಮೈದಾನದಲ್ಲಿ ಆಕಾಶವೇ ಕೆಳಗಿಳಿದು ಅವಳನ್ನು ಮುಚ್ಚಿಬಿಟ್ಟಿತು; ಎಚ್ಚರ ತಪ್ಪಿ ಬಿದ್ದಳು.

ರಕ್ತ ತೀರಾ ಕಡಿಮೆ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ಊಟ ಬದಲಿಸಿ ಎಂದರು.

ಸುದ್ದಿ ಕೇಳಿ ನಾಸಿಕದಿಂದ ಸೋದರತ್ತೆ ವಸುಧಾ ಓಡಿಬಂದಳು. ಬಂದವಳೇ ಸಜ್ಜೆ ರೊಟ್ಟಿ ಬಡಿದು, ಎಳ್ಳಿನ ಚಟ್ನಿ, ನುಗ್ಗೆಸೊಪ್ಪಿನ ಪಲ್ಯ ಮಾಡಿ ಬಡಿಸಿದಳು.

"ವಸೂ, ನನ್ನ ಮೊಮ್ಮಗಳನ್ನ ಕೊಲ್ಲಲಿಕ್ಕೆ ಬಂದೀಯೇನು?" ಎಂದಳು ಅಜ್ಜಿ.

"ಅವ್ವಾ, ಇದರಾಗ ಕಬ್ಬಿಣದ ಸತ್ವ ಅದ. ಮ್ಯಾಲ ನಿಂಬಿಹಣ್ಣು ಹಿಂಡಿದ್ರ ಮೈಗೆ ಹತ್ತತದ. ಊಟ ಆದಕೂಡ್ಲೆ ಚಹಾ ಮಾತ್ರ ಬ್ಯಾಡ."

"ಕಬ್ಬಿಣ ತಿನ್ನಲಿಕ್ಕೆ ಆಕೀ ಏನು ಮನ್ಮಾಡ ಜಂಕ್ಷನ್ನಿನ ರೈಲೇನು?"

"ತನ್ಮಯಗ ಎರಡೆರಡು ರೊಟ್ಟಿ ಹಾಕ್ತಿ. ಅಂವಗ ಉಷ್ಣ ಆಗಂಗಿಲ್ಲೇನು?"

"ಅಂವಾ ಗಂಡಹುಡುಗ."

"ತಿಂಗಳಾ ರಕ್ತ ಹೋಗೋದು ಯಾರದು? ಅಂವಂದೇನು?"

"ನಾವೂ ಹಿಂಗ ಬೆಳದೀವಿ. ಏನಾತು ನಮಗ?"

ವಸುಧಾಳ ದನಿ ಸಣ್ಣಗಾಯಿತು. "ನಿನ್ನ ಹಿರೀ ಮಗಳು, ನಮ್ಮ ನೀಲಕ್ಕ, ಹಡೀವಾಗ ಮೈಯಾಗ ರಕ್ತ ಇಲ್ಲದ ಹೋದ್ಲಲ್ಲವ್ವಾ."

ಅಜ್ಜಿಯ ಕಣ್ಣು ತುಂಬಿದವು. ಹಟ ಮಾತ್ರ ಇಳಿಯಲಿಲ್ಲ. "ಅದು ಆಕೀ ಹಣೇಬರಾ. ಇಕೀ ಆ ರೊಟ್ಟಿ ಮುಟ್ಟಿದ್ರ, ನಾ ಇವತ್ತ ಒಂದಗಳ ಅನ್ನ ತಿನ್ನಂಗಿಲ್ಲ, ನೋಡ್ರಿ!" ಎಂದು ಗೋಡೆಗೆ ಮುಖ ಮಾಡಿ ಕುಳಿತಳು.

ಮಾನ್ಯಾ ಅತ್ತೆಯನ್ನು ನೋಡಿದಳು, ಅಜ್ಜಿಯ ಬಾಗಿದ ಬೆನ್ನು ನೋಡಿದಳು. ಜ್ವರ ಬಂದಾಗಲೆಲ್ಲ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದ ಅಜ್ಜಿ ಆಕೆ. ಮಾನ್ಯಾಳ ಬಾಯಲ್ಲಿ ಕನ್ನಡ ಅಷ್ಟು ಸಲೀಸಲ್ಲ.

"ಅಜ್ಜೀ... ನನಗ ಭೂಕ್ ಅದ. ಖರೇನ. ನಾ ತಿಂತೀನ್ರಿ. ನೀವೂ ತಿನ್ರಿ, ಪ್ಲೀಸ್."

ರೊಟ್ಟಿ ಮುರಿದು, ಚಟ್ನಿ ಹಚ್ಚಿ ಬಾಯಿಗಿಟ್ಟುಕೊಂಡಳು. ಅಜ್ಜಿ ತಿರುಗಲಿಲ್ಲ. ಹುಡುಗಿ ಅಳುತ್ತಲೇ ಎರಡನೆಯ ತುತ್ತು ಮುರಿದಳು.

ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಆ ತುತ್ತನ್ನು ತಿನ್ನುತ್ತಿದ್ದಿರೋ, ಕೆಳಗಿಡುತ್ತಿದ್ದಿರೋ?