ಆರನೇ ಬಾಗಿಲು

ಮನೆಮನೆಗೆ ಹೋಗಿ ಜನರ ಅಭಿಪ್ರಾಯ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಸೇರಿದ್ದಳು. ತರಬೇತಿಯ ಮೊದಲ ದಿನವೇ ಮೇಲ್ವಿಚಾರಕರು ಹೇಳಿದ್ದರು: "ಎದುರಿಗಿರೋರು ಏನೇ ಹೇಳಲಿ, ನಿಮ್ಮ ಮುಖದಲ್ಲಿ ಏನೂ ಕಾಣಬಾರದು. ಭೂಮಿ ಚಪ್ಪಟೆ ಅಂದ್ರೂ ಬರ್ಕೊಳ್ಳಿ, ಸರ್ಕಾರ ನಾಳೆನೇ ಬೀಳಬೇಕು ಅಂದ್ರೂ ಬರ್ಕೊಳ್ಳಿ. ಹುಬ್ಬು ಕೂಡ ಏರಬಾರದು."

ಉಳಿದವರಿಗೆ ಇದು ಕೈವಶವಾಗಲು ವಾರಗಳೇ ಹಿಡಿದವು. ಒಬ್ಬಳಂತೂ ನಗು ತಡೆಯಲಾರದೆ ಎರಡೇ ದಿನಕ್ಕೆ ಕೆಲಸ ಬಿಟ್ಟಳು. ಇವಳಿಗೆ ಅಭ್ಯಾಸವೇ ಬೇಕಾಗಲಿಲ್ಲ. ಯಾರು ಏನೆಂದರೂ ಅದು ಕಿವಿಯಿಂದ ನೇರವಾಗಿ ಬೆರಳಿಗೆ ಹೋಗುತ್ತಿತ್ತು, ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ. ಒಬ್ಬ ನಿವೃತ್ತ ಲೆಕ್ಕಿಗ, ಲಸಿಕೆಗಳೆಲ್ಲ ದೊಡ್ಡವರ ದಂಧೆ ಎಂದು ಮುಕ್ಕಾಲು ಗಂಟೆ ಬೈದು, ಕೊನೆಗೆ "ನಿಮಗೇನನ್ಸುತ್ತಮ್ಮ?" ಎಂದು ಕೇಳಿದ್ದ. "ನನಗೇನೂ ಅನ್ಸಲ್ಲ ಸರ್" ಎಂದಿದ್ದಳು. ನಿಯಮವೂ ಅದೇ ಆಗಿತ್ತು, ನಿಜವೂ ಅದೇ ಆಗಿತ್ತು. ಮೇಲ್ವಿಚಾರಕರು ಸಭೆಯಲ್ಲಿ ಅವಳನ್ನು ತೋರಿಸಿ, "ಇವರ ಥರ ಇರಬೇಕು ನೋಡಿ" ಎಂದು ಹೊಗಳಿದರು. ಅವಳು ತಲೆಯಾಡಿಸಿ ನೀರು ಕುಡಿದಳು.

ಆ ಸಲದ ಸಮೀಕ್ಷೆಯಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ವಿಜ್ಞಾನ, ಸರ್ಕಾರ, ದೇವರು, ಸುದ್ದಿ ಎಲ್ಲವೂ ಒಂದೇ ಪಟ್ಟಿಯಲ್ಲಿ. ಕಚೇರಿಯವರು ಒಂದು ಬೀದಿಯ ಮೊದಲ ಕಟ್ಟಡ ಹೇಳುತ್ತಾರೆ. ಅಲ್ಲಿಂದ ಬಲಗಡೆಯೇ ಹಿಡಿದು ಹೊರಟು ಪ್ರತಿ ಆರನೇ ಬಾಗಿಲು ತಟ್ಟಬೇಕು. ಗುರುತಿನವರ ಮನೆಯಾದರೆ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಮಂಗಳವಾರ ಬೆಳಿಗ್ಗೆ ಟ್ಯಾಬಿನಲ್ಲಿ ಬಂದದ್ದು ಜೆರಾಕ್ಸ್ ಅಂಗಡಿಯೊಂದರ ವಿಳಾಸ. ನೋಡಿದ ಕೂಡಲೇ ಬೀದಿ ಗೊತ್ತಾಯಿತು. ಅದು ಅವಳ ಅಣ್ಣನ ಬೀದಿ.

ಬೇರೆ ಬೀದಿ ಕೊಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಜೆರಾಕ್ಸ್ ಅಂಗಡಿಯಿಂದ ಎಣಿಸುತ್ತ ಹೊರಟಳು. ಬೀಗ ಹಾಕಿದ ಗೋದಾಮು, ಇಸ್ತ್ರಿಯವನು, ಇಬ್ಬರು ನರ್ಸುಗಳ ಬಾಡಿಗೆ ಕೋಣೆ, ಹೊಲಿಗೆಯವಳ ಮನೆ. ಆರನೆಯದು ನೀಲಿ ಬಾಗಿಲು. ಆ ಬಾಗಿಲು ದಾಟಿ ಅವಳು ಹೊರಗೆ ಬಂದು ಆರು ವರ್ಷವಾಗಿತ್ತು.

ಅಣ್ಣ ಹಲ್ಲಿನ ಸೆಟ್ ಮಾಡುವವನು. ಡಾಕ್ಟರುಗಳು ರೋಗಿಗಳ ದವಡೆಯ ಅಚ್ಚು ಕಳಿಸುತ್ತಾರೆ, ಇವನು ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಅದಕ್ಕೆ ಹೊಂದುವ ಹಲ್ಲು ಕೂರಿಸುತ್ತಾನೆ. ಬೀದಿಯವರೆಲ್ಲ ಅವನನ್ನು 'ಹಲ್ಲು ಮೇಷ್ಟ್ರು' ಎನ್ನುವರು. ಹಲ್ಲು ಕೈಯಲ್ಲಿ, ನಾಲಿಗೆ ಊರಿನ ಮೇಲೆ ಎಂದು ಅತ್ತಿಗೆ ನಗುತ್ತಿದ್ದಳು. ಲೋಕದಲ್ಲಿ ಅವನಿಗೆ ಅಭಿಪ್ರಾಯವಿಲ್ಲದ ವಿಷಯವಿರಲಿಲ್ಲ. ಮನುಷ್ಯ ಚಂದ್ರನ ಮೇಲೆ ಹೋಗಿದ್ದು ನಿಜವಂತೆ, ಆದರೆ ವಾಪಸ್ ಬಂದ ರೀತಿ ಅನುಮಾನವಂತೆ. "ದೇವರು ಇದಾನೆ, ಇಲ್ಲ ಅಂತ ಅಲ್ಲ. ಆದ್ರೆ ನಮ್ಮ ವಾರ್ಡಿಗೆ ಬರಲ್ಲ" ಎನ್ನುತ್ತಿದ್ದ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವಳನ್ನು ಓದಿಸಿದವನು ಅವನೇ. ಬಸ್ ಡಿಪೋದ ಮೆಕ್ಯಾನಿಕ್‌ನನ್ನು, ಬೇರೆ ಧರ್ಮದವನನ್ನು, ಮದುವೆಯಾಗುತ್ತೇನೆ ಎಂದಾಗ ಒಂದು ವಾರ ಗುರ್ ಎಂದು, ಕೊನೆಗೆ ಸಾಕ್ಷಿಗೆ ಸಹಿ ಹಾಕಿದವನೂ ಅವನೇ.

ಎಲ್ಲ ಕೆಟ್ಟದ್ದು ಒಂದು ಮಧ್ಯಾಹ್ನದ ಊಟದಲ್ಲಿ. ಟೀವಿಯಲ್ಲಿ ಎಲ್ಲಿಯದೋ ಗಲಾಟೆಯ ಸುದ್ದಿ ಬರುತ್ತಿತ್ತು. ಅಣ್ಣ ತುತ್ತು ಕಲಸುತ್ತ, ಪರದೆಯಿಂದ ಕಣ್ಣು ತೆಗೆಯದೆ, "ಇವರನ್ನ ಒಳಗೆ ಬಿಟ್ಕೊಂಡಿದ್ದೇ ತಪ್ಪು" ಎಂದ. ಎದುರಿಗೆ ಕೂತಿದ್ದ ಮೆಕ್ಯಾನಿಕ್‌ನ ಕೈ ತಟ್ಟೆಯಲ್ಲೇ ನಿಂತಿತು. ಅತ್ತಿಗೆ ಟೀವಿಯ ಸದ್ದು ತಗ್ಗಿಸಿದಳು. ಆಗ ಅಣ್ಣನಿಗೆ ಹೊಳೆಯಿತು. "ನಿನಗೆ ಹೇಳಿದ್ದಲ್ಲಪ್ಪ, ಸುಮ್ನೆ ಮಾತಿಗೆ ಅಂದಿದ್ದು" ಎಂದ.

"ಮಾತಿಗೆ ಅನ್ನೋಕೆ ಬೇರೆ ಮಾತು ಸಿಗಲಿಲ್ವಾ ಅಣ್ಣ?" ಎಂದಳು ಅವಳು.

ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ವಾದದಲ್ಲಿ ಸೋತು ಅವನಿಗೆ ಗೊತ್ತಿರಲಿಲ್ಲ. ಇತಿಹಾಸ ತಂದ, ಅಂಕಿಅಂಶ ತಂದ, ಪೇಪರಿನಲ್ಲಿ ಓದಿದ್ದನ್ನೆಲ್ಲ ತಂದು ಸುರಿದ. ಮೆಕ್ಯಾನಿಕ್ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ತಟ್ಟೆ ತಾನೇ ತೊಳೆದಿಟ್ಟು, "ಹೋಗೋಣ್ವಾ?" ಎಂದ. ದಾರಿಯಲ್ಲಿ ಅವನು ಹೇಳಿದ್ದು ಇಷ್ಟೇ: "ನಿನ್ನಣ್ಣ ಕೆಟ್ಟವನಲ್ಲ. ನಾನು ಅಲ್ಲಿ ಕೂತಿದೀನಿ ಅನ್ನೋದೇ ಅವನಿಗೆ ಮರೆತುಹೋಗಿತ್ತು." ಅವಳಿಗೆ ಚುಚ್ಚಿದ್ದೂ ಅದೇ.

ಆಮೇಲೆ ಹೋಗುವುದು ಬರುವುದು ನಿಂತಿತು. ಕಳೆದ ವರ್ಷ ಡಿಪೋದಲ್ಲಿ ಜಾಕ್ ಜಾರಿ ಬಸ್ಸಿನಡಿ ಸಿಕ್ಕಿ ಗಂಡ ಸತ್ತ. ಅತ್ತಿಗೆ ಒಬ್ಬಳೇ ಬಂದು ಗೋಡೆಗೊರಗಿ ಕೂತು ಹೋದಳು. ಅಣ್ಣ ಬರಲಿಲ್ಲ. ಅವಳು ಅಂದು ಅಳಲಿಲ್ಲ, ಮಾರನೇ ದಿನವೂ ಅಳಲಿಲ್ಲ. ಬರುತ್ತದೆ ಬರುತ್ತದೆ ಎಂದು ಸುತ್ತಲಿನವರು ಕಾದರು. ಬರಲಿಲ್ಲ.

ನೀಲಿ ಬಾಗಿಲು ತೆರೆದವನು ಅಣ್ಣನೇ. ಮೊಣಕೈವರೆಗೆ ಪ್ಲಾಸ್ಟರ್ ಪುಡಿ. ತಲೆ ಅರ್ಧ ನರೆತಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳ ಬಾಯಿಂದ ರೂಢಿಯ ಮಾತು ಹೊರಟುಬಿಟ್ಟಿತು: "ನಮಸ್ಕಾರ. ಜನಾಭಿಪ್ರಾಯ ಸಮೀಕ್ಷೆಗೆ ಬಂದಿದೀನಿ. ಅರ್ಧ ಗಂಟೆ ಸಮಯ ಕೊಡೋಕಾಗುತ್ತಾ?"

ಅವನು ಅವಳ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿದ. ಮುಖ ನೋಡಿದ. ಮತ್ತೆ ಚೀಟಿ ನೋಡಿದ. "ಆಗುತ್ತೆ. ಒಳಗೆ ಬಾ" ಎಂದವನು, ಏನು ತೋಚಿತೋ, "ಬನ್ನಿ" ಎಂದ.

ಕೋಣೆ ಹಾಗೇ ಇತ್ತು. ಕಪಾಟಿನ ತುಂಬ ಬಿಳಿ ದವಡೆಗಳು, ಒಂದೊಂದರ ಕೆಳಗೂ ಡಾಕ್ಟರ ಚೀಟಿ. ಮೇಣ ಕರಗಿಸುವ ಪುಟ್ಟ ದೀಪ. ಅತ್ತಿಗೆ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು. "ಅಯ್ಯೋ, ನೀನಾ?"

"ಸಮೀಕ್ಷೆ ಅಂತೆ" ಎಂದ ಅಣ್ಣ, ಗಂಭೀರವಾಗಿ. ಅತ್ತಿಗೆ ಇಬ್ಬರನ್ನೂ ನೋಡಿ, ಏನೂ ಕೇಳದೆ, ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತಳು.

ಅವಳು ಶುರುಮಾಡಿದಳು. ವಿಜ್ಞಾನಿಗಳು ಹೇಳುವುದನ್ನು ನೀವು ಎಷ್ಟರ ಮಟ್ಟಿಗೆ ನಂಬುತ್ತೀರಿ? ಹವಾಮಾನ ಬದಲಾಗುತ್ತಿರುವುದಕ್ಕೆ ಮನುಷ್ಯರೇ ಕಾರಣವೇ? ಮೊದಲಾಗಿದ್ದರೆ ಒಂದೊಂದು ಪ್ರಶ್ನೆಗೂ ಅವನು ಒಂದೊಂದು ಭಾಷಣ ಬಿಗಿಯುತ್ತಿದ್ದ. ಈಗ ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೈ ಕಟ್ಟಿಕೊಂಡು, "ನಂಬ್ತೀನಿ", "ಇರಬಹುದು", "ಗೊತ್ತಿಲ್ಲ" ಎನ್ನುತ್ತಿದ್ದ. ಪತ್ರಿಕೆಗಳು ನಿಜ ಬರೆಯುತ್ತವೆಯೇ ಎಂದಾಗ ಮಾತ್ರ, "ಹವಾಮಾನದ ಪುಟ ಬಿಟ್ರೆ ಬೇರೇನಿಲ್ಲ" ಎಂದ. ಅವಳ ಬೆರಳು ಟ್ಯಾಬಿಗೆ ತಾಕುವ ಮೊದಲೇ, "ಅದೂ ಇಲ್ಲ" ಎಂದ. ಅತ್ತಿಗೆ ನಕ್ಕಳು. ಅವಳು ಗುರುತು ಹಾಕಿಕೊಂಡಳು.

ಇಪ್ಪತ್ತೆಂಟನೇ ಪ್ರಶ್ನೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ದಿನಕ್ಕೆ ಏಳೆಂಟು ಸಲ ಓದುವ ಪ್ರಶ್ನೆ. ಅದೇ ದನಿಯಲ್ಲಿ ಓದಿದಳು: "ನಿಮ್ಮ ಮನೆಯವರೊಬ್ಬರು ಬೇರೆ ಧರ್ಮದವರನ್ನು ಮದುವೆಯಾದರೆ ನೀವು ಒಪ್ಪುತ್ತೀರಾ?"

ದೀಪದ ಮೇಲಿನ ಮೇಣ ಕುದಿಯಿತು. ಅಣ್ಣ ಎದ್ದು ದೀಪ ಆರಿಸಿ ಬಂದು ಕೂತ.

"ಆಗಿನದು ಹೇಳ್ಬೇಕಾ, ಈಗಿನದಾ?"

"ಈಗಿನದು."

"ಒಪ್ತೀನಿ."

"ಪೂರ್ತಿ ಒಪ್ತೀರಾ, ಸ್ವಲ್ಪ ಮಟ್ಟಿಗಾ?"

"ಪೂರ್ತಿ ಅಂತ ಹಾಕು."

ಹಾಕಿದಳು. ಏನಾದರೂ ಆದೀತು ಎಂದು ಒಂದು ಗಳಿಗೆ ಕಾದಳು, ಎದೆಯಲ್ಲೋ ಗಂಟಲಲ್ಲೋ. ಏನೂ ಆಗಲಿಲ್ಲ. ಇಪ್ಪತ್ತೊಂಬತ್ತನೆಯದು ರಸ್ತೆ ತೆರಿಗೆಯ ಬಗ್ಗೆ ಇತ್ತು. ಓದಿದಳು.

ಕೊನೆಯ ಪ್ರಶ್ನೆಗೆ ಆಯ್ಕೆಗಳಿರುವುದಿಲ್ಲ. ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿ, ಅವರ ಮಾತನ್ನು ಅವರು ಆಡಿದಂತೆಯೇ ಬರೆದುಕೊಳ್ಳಬೇಕು. ಹೆಚ್ಚಿನವರು ಏನಿಲ್ಲ ಎನ್ನುತ್ತಾರೆ. ಕೆಲವರು ಚರಂಡಿಯ ದೂರು ಹೇಳುತ್ತಾರೆ. ಅಣ್ಣ ಬೆರಳಿನ ಪುಡಿಯನ್ನು ಒರೆಸಿಕೊಂಡ.

"ಅವನು ಹೋದಾಗ ನಾನು ಬರಬೇಕಿತ್ತು. ಬರಲಿಲ್ಲ. ಯಾವ ಮುಖ ಇಟ್ಕೊಂಡು ಬರೋದು ಅಂತ ಮೊದಲನೇ ದಿನ ಕೂತೆ. ಎರಡನೇ ದಿನ, ನಿನ್ನೆನೇ ಹೋಗಿಲ್ಲ, ಇವತ್ತು ಹೇಗೆ ಹೋಗೋದು ಅಂತ ಕೂತೆ. ಹಾಗೇ ವರ್ಷ ಆಯ್ತು."

ಅವಳು ಬರೆದುಕೊಂಡಳು. ಬರೆದದ್ದನ್ನು ಓದಿ ಹೇಳಬೇಕೆಂಬುದು ನಿಯಮ. ತಡವರಿಸದೆ ಓದಿದಳು. "ಸರಿ ಇದೆಯಾ?"

"ಸರಿ ಇದೆ" ಎಂದ ಅಣ್ಣ. ಅತ್ತಿಗೆ ಮುಖಕ್ಕೆ ಸೆರಗು ಹಿಡಿದಿದ್ದಳು. ಅವಳು ಧನ್ಯವಾದ ಹೇಳಿ, ಟ್ಯಾಬ್ ಚೀಲಕ್ಕೆ ಹಾಕಿಕೊಂಡು ಎದ್ದು ಬಂದಳು. ಉಳಿದ ಮನೆಗಳನ್ನು ಅಂದೇ ಮುಗಿಸಿದಳು.

ಶುಕ್ರವಾರ ಮೇಲ್ವಿಚಾರಕರು ಕರೆದರು. ಹತ್ತರಲ್ಲಿ ಒಂದು ಮನೆಗೆ ಕಚೇರಿಯಿಂದ ಫೋನ್ ಮಾಡಿ ವಿಚಾರಿಸುವ ಪದ್ಧತಿ. ನೀಲಿ ಬಾಗಿಲ ಮನೆಗೂ ಮಾಡಿದ್ದರು.

"ಬಂದಿದ್ದ ಹೆಣ್ಣುಮಗಳು ನಿಮಗೆ ಮೊದಲೇ ಗೊತ್ತಾ ಅಂತ ಕೇಳಿದ್ವಿ. ಆ ಮನುಷ್ಯ ಏನಂದ ಗೊತ್ತಾ? 'ನನ್ನ ತಂಗಿ ರೀ. ನಾನೇ ಎತ್ತಿ ಆಡಿಸಿದ ತಂಗಿ' ಅಂದ. ನಿಜಾನಾ?"

"ನಿಜ ಸರ್."

"ನಿಯಮ ಗೊತ್ತಿಲ್ವಾ ನಿಮಗೆ? ನೀವೇ ಹೀಗೆ ಮಾಡಿದ್ರೆ ಹೇಗೆ?"

"ಗೊತ್ತು ಸರ್."

"ಮತ್ಯಾಕೆ ಹೋದ್ರಿ?"

ಯಾಕೆಂದು ಅವಳೂ ಯೋಚಿಸಿದಳು. "ಕಾಲು ಅಲ್ಲಿಗೇ ಹೋಯ್ತು ಸರ್" ಎಂದಳು.

ಅವರು ನಿಟ್ಟುಸಿರಿಟ್ಟು, ಅವಳ ಎದುರಿಗೇ ಆ ನಮೂನೆ ರದ್ದು ಮಾಡಿದರು. ಒಂದು ಎಚ್ಚರಿಕೆ ಪತ್ರ ಕೊಟ್ಟು, ಬದಲಿಗೆ ಏಳನೇ ಮನೆ ಮಾಡಿಕೊಂಡು ಬನ್ನಿ ಎಂದರು.

ಶನಿವಾರ ಹೋದಳು. ಏಳನೇ ಮನೆಯ ಮುದುಕಿ ನಲವತ್ತೆರಡಕ್ಕೂ "ನಮ್ಮ ಮಗನ್ನ ಕೇಳಿ" ಎಂದಳು. ಮುಗಿಸಿ ಹೊರಬಂದಾಗ ಅತ್ತಿಗೆ ನೀಲಿ ಬಾಗಿಲಲ್ಲಿ ನಿಂತಿದ್ದಳು. "ಇವತ್ತು ಸಮೀಕ್ಷೆ ಇಲ್ಲ ತಾನೆ? ಊಟ ಮಾಡ್ಕೊಂಡು ಹೋಗು" ಎಂದು ಕೈ ಹಿಡಿದಳು. ಬಿಡಿಸಿಕೊಳ್ಳುವುದಕ್ಕೂ ಒಂದು ಮನಸ್ಸು ಬೇಕು. ಒಳಗೆ ಹೋದಳು.

"ನನ್ನಿಂದ ನಿನಗೆ ಬೈಗುಳ ಆಯ್ತಾ?" ಎಂದು ಅಣ್ಣ ಕೇಳಿದ.

"ಒಂದು ಪತ್ರ ಕೊಟ್ಟಿದಾರೆ."

"ಸುಳ್ಳು ಹೇಳ್ಬೇಕಿತ್ತೇನೋ. ನಾಲಿಗೆ ಏಳಲಿಲ್ಲ."

ಮೂವರೂ ಉಣ್ಣತೊಡಗಿದರು. ಟೀವಿ ಹಾಕಿರಲಿಲ್ಲ. ಅರ್ಧ ಊಟದಲ್ಲಿ ಅಣ್ಣ ತಟ್ಟೆ ಬಿಟ್ಟು ಅವಳನ್ನೇ ನೋಡತೊಡಗಿದ.

"ಎಡಗಡೆ ಯಾಕೆ ಅಗಿಯಲ್ಲ ನೀನು?"

"ಅಗಿತೀನಲ್ಲ."

"ಇಲ್ಲ. ಬಾಯಿ ತೆಗಿ."

ಕೈ ತೊಳೆದು ಬಂದು, ಕಿಟಕಿಯ ಬೆಳಕಿಗೆ ಅವಳ ಗದ್ದ ತಿರುಗಿಸಿ ನೋಡಿದ. ಕೆಳಗಿನ ದೊಡ್ಡ ಹಲ್ಲೊಂದು ಅರ್ಧಕ್ಕೆ ಸೀಳಿ ಕಪ್ಪಾಗಿತ್ತು. "ಇದು ಯಾವಾಗ ಮುರೀತು?"

ಅವಳು ಲೆಕ್ಕ ಹಾಕಿದಳು. ಡಿಪೋದಿಂದ ಫೋನ್ ಬಂದ ಸಂಜೆ ಹಲ್ಲು ಕಚ್ಚಿ ಹಿಡಿದಿದ್ದಳು. ಏನೋ ಚಟ್ ಎಂದಿತ್ತು. "ವರ್ಷ ಆಗಿರಬಹುದು."

"ವರ್ಷದಿಂದ ನೋಯ್ತಿಲ್ವಾ?"

"ಗಮನ ಹೋಗಿಲ್ಲ."

ಅಣ್ಣ ಹಲ್ಲಿನ ಸುತ್ತಲಿನ ಒಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ಇನ್ನೊಂದು ಕೈ ಅವಳ ಗದ್ದದ ಕೆಳಗೇ ಇತ್ತು. ಆ ಕೈ ಬೆಚ್ಚಗಿತ್ತು. ಅದು ಮಾತ್ರ ಅವಳಿಗೆ ತಿಳಿಯಿತು.

ಸೋಮವಾರ ತನಗೆ ಗೊತ್ತಿದ್ದ ಡಾಕ್ಟರ ಬಳಿ ಅವನೇ ಕರೆದುಕೊಂಡು ಹೋದ. ಬೇರು ಉಳಿದಿತ್ತು. ಸರಿಮಾಡಲು ಮೂರು ಸಲ ಹೋಗಬೇಕಾಯಿತು, ಮೂರೂ ಸಲ ಹೊರಗಿನ ಬೆಂಚಿನ ಮೇಲೆ ಪೇಪರು ಮಡಿಸಿಟ್ಟುಕೊಂಡು ಕಾದು ಕೂತ. ಹಲ್ಲಿನ ಮೇಲೆ ಕೂರಿಸುವ ಕ್ಯಾಪನ್ನು ತಾನೇ ಮಾಡಿದ. ಮೊದಲು ಮಾಡಿದ್ದು ಹೆಚ್ಚು ಬಿಳಿಯಾಯಿತು ಎಂದು ಎಸೆದು ಇನ್ನೊಂದು ಮಾಡಿದ.

ಕ್ಯಾಪ್ ಕೂರಿಸಿದ ಸಂಜೆ ಅವಳು ಮನೆಗೆ ಹೋಗಿ ಅನ್ನಕ್ಕಿಟ್ಟಳು. ಬಡಿಸಿಕೊಂಡು ಎಡಗಡೆ ಒಂದು ತುತ್ತು ಇಟ್ಟಳು. ಬಿಸಿ ಒಸಡಿಗೆ ಜೋರಾಗಿ ತಾಕಿತು. ಬಾಯಿ ತೆರೆದು ಉಸಿರು ಬಿಟ್ಟಳು, ಆರಲು ಕಾದಳು, ಆಮೇಲೆ ನಿಧಾನವಾಗಿ ಅಗಿದಳು. ಅತ್ತಿಗೆಯ ಫೋನ್ ಬಂತು. ಹೇಗಿದೆ ಎಂದು ಕೇಳಲು ಅಣ್ಣ ಹೇಳುತ್ತಿದ್ದಾನಂತೆ.

"ಸ್ವಲ್ಪ ನೋಯ್ತಿದೆ ಅನ್ನಿ ಅತ್ತಿಗೆ" ಎಂದಳು.